ನರಿಯನ್ನು ಕೂಗಿ ಕರೆಯುವ ವಿದ್ಯೆ: ಅಮೆರಿಕದ ಕಯೋಟಿ ಬೇಟೆ ಹೇಳುವ ಪಾಠ



ಗೊಬ್ಬರಕ್ಕೋ ಅಡಕೆ ಹಾಕಲಿಕ್ಕೋ ಸಂಘಕ್ಕೆ ಬರುವ ಸದಸ್ಯರಲ್ಲಿ ಕೆಲವರು ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಅಮೆರಿಕದ ರೈತರು ಪೊದೆಯ ಮರೆಯಲ್ಲಿ ಕುಳಿತು ಒಂದು ಸಣ್ಣ ಪೀಪಿ ಊದುತ್ತಾರೆ. ದೂರದ ಗುಡ್ಡದಲ್ಲಿದ್ದ ನರಿ ತಾನಾಗಿಯೇ ಓಡಿ ಬಂದು ಕೋವಿಯ ಎದುರು ನಿಲ್ಲುತ್ತದೆ. ಇದನ್ನು ಮೊಬೈಲಿನಲ್ಲಿ ನೋಡಿದವರು, 'ಕೋಳಿ, ಮೇಕೆಮರಿ ಎತ್ತಿಕೊಂಡು ಹೋಗುವ ನಮ್ಮ ನರಿಗೂ ಹೀಗೇ ಮಾಡಬಾರದೇಕೆ?' ಎಂದು ಕೇಳುವುದು ಸಹಜ.

ಮಾಡಬಾರದು ಎಂಬುದೇ ನಮ್ಮ ಉತ್ತರ. ಆದರೆ ಕಾರಣ ಹೇಳದೆ 'ಬೇಡ' ಎಂದರೆ ಯಾರೂ ಕೇಳುವುದಿಲ್ಲ. ಆ ವಿದ್ಯೆ ಎಂಥದ್ದು, ಅದರಿಂದ ಅಲ್ಲಿನ ರೈತನಿಗೆ ಎಷ್ಟು ಲಾಭವಾಯಿತು, ಎಲ್ಲಿ ಅದು ಕೈಕೊಟ್ಟಿತು ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ನಮ್ಮ ತೋಟದ ಮಾತನ್ನು ಕೊನೆಗೆ ಆಡೋಣ.

ಕಯೋಟಿ ಎಂದರೆ ಯಾವ ಪ್ರಾಣಿ?

ಮೊಬೈಲಿನಲ್ಲಿ ನೀವು ನೋಡಿದ್ದು ನಮ್ಮ ನರಿಯಲ್ಲ. ಅದರ ಹೆಸರು ಕಯೋಟಿ. ತೋಳ, ನರಿ, ನಾಯಿಗಳ ಕುಲಕ್ಕೇ ಸೇರಿದ್ದು. ಗಾತ್ರದಲ್ಲಿ ತೋಳಕ್ಕಿಂತ ಚಿಕ್ಕದು, ನಮ್ಮ ನರಿಗಿಂತ ದೊಡ್ಡದು. ಸಾಮಾನ್ಯವಾಗಿ 10ರಿಂದ 20 ಕಿಲೋ ತೂಗುತ್ತದೆ. ಮೆಕ್ಸಿಕೋದ ಮೂಲನಿವಾಸಿಗಳ ಭಾಷೆಯ ಹೆಸರು ಸ್ಪ್ಯಾನಿಷ್ ಮೂಲಕ ಇಂಗ್ಲಿಷಿಗೆ ಬಂದಿದೆ. 1823ರಲ್ಲಿ ಥಾಮಸ್ ಸೇ ಎಂಬ ವಿಜ್ಞಾನಿ ಇದಕ್ಕೆ ಕೊಟ್ಟ ಶಾಸ್ತ್ರೀಯ ಹೆಸರಿನ ಅರ್ಥ 'ಬೊಗಳುವ ನಾಯಿ' ಎಂದು.

ಮೊದಲು ಇದು ಉತ್ತರ ಅಮೆರಿಕದ ನಡುಭಾಗದ ಹುಲ್ಲುಗಾವಲು ಮತ್ತು ಪಶ್ಚಿಮದ ಒಣನೆಲದ ಪ್ರಾಣಿ. ವಲಸೆ ಬಂದ ರೈತರು ಕಾಡು ಕಡಿದರು, ಕುರಿ ದನಗಳ ಸಲುವಾಗಿ ತೋಳಗಳನ್ನು ಬಹುತೇಕ ನಿರ್ನಾಮ ಮಾಡಿದರು. ತೋಳ ಹೋದ ಜಾಗಕ್ಕೆ ಕಯೋಟಿ ಬಂತು. ಇಂದು ಅದು ಅಲಾಸ್ಕದಿಂದ ಪನಾಮದವರೆಗೆ ಇದೆ. ಹವಾಯಿ ದ್ವೀಪಗಳನ್ನು ಬಿಟ್ಟರೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದೆ. ಷಿಕಾಗೋದಂಥ ಮಹಾನಗರದೊಳಗೂ ಸಂಸಾರ ಹೂಡಿದೆ. ಕೋವಿ, ಬೋನು, ವಿಷ, ವಿಮಾನ ಎಲ್ಲವನ್ನೂ ಪ್ರಯೋಗಿಸಿದ ಮೇಲೂ ಹೆಚ್ಚಿದ ಪ್ರಾಣಿ ಇದು ಎಂಬುದನ್ನು ಇಲ್ಲಿಯೇ ಗಮನದಲ್ಲಿಟ್ಟುಕೊಳ್ಳಬೇಕು.

ಜನವರಿಯಿಂದ ಮಾರ್ಚಿಯೊಳಗೆ ಗಂಡುಹೆಣ್ಣು ಕೂಡುತ್ತವೆ. ಸುಮಾರು 63 ದಿನಗಳಲ್ಲಿ, ಏಪ್ರಿಲ್ ಮೇ ಹೊತ್ತಿಗೆ, ಬಿಲದಲ್ಲಿ ಸರಾಸರಿ 6 ಮರಿಗಳು ಹುಟ್ಟುತ್ತವೆ. ತಂದೆತಾಯಿ ಎರಡೂ ಸೇರಿ ಮರಿ ಸಾಕುತ್ತವೆ. ಪ್ರತಿ ಜೋಡಿಗೂ ತನ್ನದೇ ಆದ ಸರಹದ್ದು ಉಂಟು. ಬೇರೆ ಕಯೋಟಿಗಳನ್ನು ಅದರೊಳಗೆ ಬಿಡುವುದಿಲ್ಲ.

ರೈತನಿಗೆ ಆಗುವ ನಷ್ಟ

ಕಯೋಟಿಯ ಮುಖ್ಯ ಆಹಾರ ಇಲಿ, ಮೊಲ, ನೆಲ ಅಳಿಲು ಮತ್ತು ಸತ್ತ ಪ್ರಾಣಿಯ ಮಾಂಸ. ಹಣ್ಣೆಂದರೂ ಇಷ್ಟ. ಕಲ್ಲಂಗಡಿ ಹೊಲಕ್ಕೆ ನುಗ್ಗಿದರೆ ಮಾಗಿದ ಕಾಯನ್ನೇ ಆರಿಸಿ ತಿನ್ನುತ್ತದೆ ಎಂದು ಅಲ್ಲಿನ ರೈತರು ಹೇಳುತ್ತಾರೆ. ಕ್ಯಾಲಿಫೋರ್ನಿಯದ ತೋಟಗಳಲ್ಲಿ ಹನಿ ನೀರಾವರಿಯ ಪೈಪನ್ನು ಕಚ್ಚಿ ತೂತು ಮಾಡುವುದೂ ಉಂಟು.

ಆದರೆ ದೊಡ್ಡ ಪೆಟ್ಟು ಬೀಳುವುದು ಕುರಿ ಸಾಕುವವನಿಗೆ. ಅಮೆರಿಕದ ಕೃಷಿ ಇಲಾಖೆಯ 2014ರ ಲೆಕ್ಕದಂತೆ, ಬೇಟೆಯಾಡುವ ಪ್ರಾಣಿಗಳಿಂದ ಸತ್ತ ಕುರಿ ಮತ್ತು ಕುರಿಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಯೋಟಿಯ ಪಾಲಾಗಿದ್ದವು. ಕೆಲವೇ ಕುರಿಗಳಿರುವ ಸಣ್ಣ ರೈತನಿಗೆ ವಸಂತದಲ್ಲಿ ಹುಟ್ಟಿದ ಮರಿಗಳಲ್ಲಿ ನಾಲ್ಕು ಹೋದರೂ ಆ ವರ್ಷದ ಲಾಭವೇ ಹೋದಂತೆ. ಅವನು ಕೋವಿ ಎತ್ತಿದ್ದು ಮೋಜಿಗಾಗಿ ಮಾತ್ರವಲ್ಲ ಎಂಬುದನ್ನು ನಾವು ಒಪ್ಪಬೇಕು.

ಅಲ್ಲಿನ ತಜ್ಞರು ರೈತನಿಗೆ ಕಲಿಸುವ ಮೊದಲ ಪಾಠ, ಕೊಂದದ್ದು ಯಾರು ಎಂದು ಗುರುತಿಸುವುದು. ಕಯೋಟಿ ಸಾಮಾನ್ಯವಾಗಿ ಕುರಿಯ ಗಂಟಲನ್ನೇ ಹಿಡಿದು ಕೊಲ್ಲುತ್ತದೆ. ಒಂದನ್ನು ಕೊಂದು ಅದನ್ನೇ ತಿನ್ನುತ್ತದೆ. ಬೀದಿನಾಯಿಯಾದರೆ ಹಿಂಗಾಲು, ಪಕ್ಕೆ, ಕಿವಿ ಎಂದು ಸಿಕ್ಕಸಿಕ್ಕಲ್ಲಿ ಕಚ್ಚಿ ಹಲವು ಕುರಿಗಳನ್ನು ಗಾಯಗೊಳಿಸಿ, ತಿನ್ನದೆಯೇ ಬಿಟ್ಟುಹೋಗುತ್ತದೆ. ಎಷ್ಟೋ ಸಲ ನಾಯಿ ಮಾಡಿದ ಪಾಪಕ್ಕೆ ಕಯೋಟಿ ಹೆಸರು ಕೆಡಿಸಿಕೊಂಡದ್ದುಂಟು. ಈ ಮಾತು ನಮ್ಮ ಊರಿಗೂ ಅನ್ವಯಿಸುತ್ತದೆ.

ಕರೆಯುವ ವಿದ್ಯೆ

'ನರಿ ಕೂಗು ಗಿರಿ ಮುಟ್ಟೀತೆ?' ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕೂಗುವವನು ಮನುಷ್ಯ, ಮುಟ್ಟಬೇಕಾದದ್ದು ನರಿಯ ಕಿವಿ.

ಈ ವಿದ್ಯೆಯ ಗುಟ್ಟು ಬಹಳ ಸರಳ. ಹದ್ದಿನ ಉಗುರಿಗೋ ಬೇಲಿಯ ತಂತಿಗೋ ಸಿಕ್ಕಿಬಿದ್ದ ಮೊಲ ಕಿರುಚುತ್ತದೆ. ಆ ಕಿರುಚಾಟ ಕಯೋಟಿಗೆ ಊಟದ ಗಂಟೆ ಇದ್ದಂತೆ. ಮರದ ಅಥವಾ ಪ್ಲಾಸ್ಟಿಕ್ಕಿನ ಸಣ್ಣ ಕೊಳವೆಯೊಳಗೆ ತೆಳುವಾದ ನಾಲಗೆ ಇಟ್ಟ ಪೀಪಿಯನ್ನು ಊದಿ ಆ ಸದ್ದು ಹೊರಡಿಸುತ್ತಾರೆ. ಟೆಕ್ಸಾಸಿನ ಮರಿ ಮತ್ತು ವಿನ್‌ಸ್ಟನ್ ಬರ್ನ್‌ಹ್ಯಾಮ್ ಎಂಬ ಸಹೋದರರು ಇಂಥ ಪೀಪಿಗಳನ್ನು ಮಾರಿ ಈ ವಿದ್ಯೆಯನ್ನು ದೇಶಕ್ಕೆಲ್ಲ ಹಬ್ಬಿಸಿದರು. ಅದೇ ರಾಜ್ಯದ ವೇಕೋ ಪಟ್ಟಣದ ಜಾನಿ ಸ್ಟುವರ್ಟ್ ನಿಜವಾದ ಪ್ರಾಣಿಗಳ ಕೂಗನ್ನೇ ಮುದ್ರಿಸಿ ಮಾರಿದರು. ಇಂದು ರಿಮೋಟಿನಿಂದ ನಡೆಯುವ ಧ್ವನಿಪೆಟ್ಟಿಗೆಗಳು ಬಂದಿವೆ; ಪೆಟ್ಟಿಗೆಯನ್ನು ಒಂದೆಡೆ ಇಟ್ಟು ಬೇಟೆಗಾರ ಇನ್ನೊಂದೆಡೆ ಕೂರುತ್ತಾನೆ.

ಮೊಲದ ಕೂಗೊಂದೇ ಅಲ್ಲ. ಜನವರಿ ಫೆಬ್ರವರಿಯಲ್ಲಿ, ಜೋಡಿಗಳು ಸರಹದ್ದು ಕಾಯುವ ಕಾಲದಲ್ಲಿ, ಒಂಟಿ ಕಯೋಟಿಯ ಊಳನ್ನು ಊಳಿಡುತ್ತಾರೆ. 'ನನ್ನ ಜಾಗಕ್ಕೆ ಬಂದವನು ಯಾರು?' ಎಂದು ಯಜಮಾನ ಕಯೋಟಿ ನೋಡಲು ಬರುತ್ತದೆ. ಮೇ ಜೂನಿನಲ್ಲಿ ಮರಿಯ ಅಳುವಿನ ಸದ್ದು ಮಾಡಿದರೆ ತಂದೆತಾಯಿ ಎರಡೂ ಓಡಿಬರುತ್ತವೆ. ಕುರಿಮರಿ ಹಿಡಿಯುವ ಜೋಡಿಯನ್ನು ಹುಡುಕಿ ತೆಗೆಯಲು ಸರ್ಕಾರಿ ಬೇಟೆಗಾರರು ಇದನ್ನು ಬಳಸುತ್ತಾರೆ. ತಂದೆತಾಯಿ ಸತ್ತರೆ ಬಿಲದ ಮರಿಗಳು ಹಸಿದು ಸಾಯುತ್ತವೆ ಎಂಬ ಕಾರಣಕ್ಕೆ ಈ ಕೂಗನ್ನು ಮುಟ್ಟದ ಬೇಟೆಗಾರರೂ ಇದ್ದಾರೆ.

ನಮ್ಮ ಮಲೆನಾಡಿನಲ್ಲಿ ಹಿಂದೆ ಮರಸು ಕೂರುತ್ತಿದ್ದವರಿಗೆ ಮುಂದಿನ ಮಾತು ಹೊಸದೆನಿಸದು. ಇಡೀ ಆಟ ನಿಂತಿರುವುದು ಗಾಳಿಯ ಮೇಲೆ. ಕಯೋಟಿ ಕೂಗಿನ ಕಡೆಗೆ ನೇರವಾಗಿ ಬಂದರೂ ಕೊನೆಯ ನೂರಿನ್ನೂರು ಗಜದಲ್ಲಿ ಬಳಸಿಕೊಂಡು ಗಾಳಿಯ ಕೆಳದಿಕ್ಕಿಗೆ ಹೋಗುತ್ತದೆ. ಕಣ್ಣು ಕಿವಿಗಿಂತ ಮೂಗನ್ನು ಅದು ಹೆಚ್ಚು ನಂಬುತ್ತದೆ. ಆದ್ದರಿಂದ ಗಾಳಿ ಎದುರಿನಿಂದಲೋ ಪಕ್ಕದಿಂದಲೋ ಬೀಸುವಂತೆ ಕೂರಬೇಕು. ಕೆಳಗಾಳಿಯ ಕಡೆ ತೆರೆದ ಬಯಲಿರಬೇಕು. ಇಬ್ಬರಿದ್ದರೆ ಒಬ್ಬ ಆ ಕಡೆಯನ್ನೇ ಕಾಯುತ್ತಾನೆ.

ವಾಹನವನ್ನು ದೂರದಲ್ಲಿ, ದಿಣ್ಣೆಯ ಮರೆಯಲ್ಲಿ ಬಿಟ್ಟು, ಬಾಗಿಲು ಬಡಿಯದೆ, ಮಾತಾಡದೆ ನಡೆದು ಬರುತ್ತಾರೆ. ದಿಣ್ಣೆಯ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ಕಾಣಿಸಿಕೊಳ್ಳುವುದಿಲ್ಲ. ಪೊದೆಯನ್ನೋ ಮರವನ್ನೋ ಬೆನ್ನಿಗಿಟ್ಟುಕೊಂಡು ನೆರಳಲ್ಲಿ ಕೂರುತ್ತಾರೆ; ಸೂರ್ಯ ಬೆನ್ನ ಹಿಂದಿದ್ದರೆ ಒಳ್ಳೆಯದು. ಮುಖ, ಕೈ ಮುಚ್ಚಿಕೊಂಡು ಅಲುಗಾಡದೆ ಇರುತ್ತಾರೆ. ಬೆಳಗಿನ ಮೊದಲ ಎರಡು ಗಂಟೆ ಮತ್ತು ಸಂಜೆಯ ಕೊನೆಯ ಹೊತ್ತು ಉತ್ತಮ ಕಾಲ.

ಮೊದಲ ಕೂಗು ಮೆಲ್ಲಗಿರಬೇಕು, ಹತ್ತಿರದಲ್ಲೇ ಒಂದು ಮಲಗಿದ್ದರೆ ಬೆದರಬಾರದು. ಅರ್ಧ ನಿಮಿಷ ಕೂಗಿ, ಒಂದೆರಡು ನಿಮಿಷ ಸುಮ್ಮನಿದ್ದು, ಮತ್ತೆ ಸ್ವಲ್ಪ ಜೋರಾಗಿ ಕೂಗುತ್ತಾರೆ. 15ರಿಂದ 20 ನಿಮಿಷ ನೋಡಿ, ಬಾರದಿದ್ದರೆ ಎದ್ದು ಅರ್ಧ ಮೈಲಿಯೋ ಒಂದು ಮೈಲಿಯೋ ದೂರದ ಇನ್ನೊಂದು ಜಾಗಕ್ಕೆ ಹೋಗುತ್ತಾರೆ. ಓಡಿಬರುವ ಕಯೋಟಿಯನ್ನು ನಿಲ್ಲಿಸಲು ಬಾಯಿಂದ ಒಂದು ಸಲ 'ವುಫ್' ಎಂದರೆ ಸಾಕು. ಅದು ನಿಂತು ನೋಡುವ ಆ ಕ್ಷಣವೇ ಈಡಿನ ಕ್ಷಣ.

ಗುಂಡು ತಪ್ಪಿದರೆ? ಆ ಕಯೋಟಿ ಮತ್ತೆ ಆ ಕೂಗಿಗೆ ಸುಲಭವಾಗಿ ಬರುವುದಿಲ್ಲ. ಅಂಥವನ್ನು ಅಲ್ಲಿಯವರು 'ಓದು ಕಲಿತ ಕಯೋಟಿ' ಎನ್ನುತ್ತಾರೆ. ಒಂದೇ ಜಾಗದಲ್ಲಿ ವಾರಕ್ಕೊಮ್ಮೆ ಪೀಪಿ ಊದುವ ಹವ್ಯಾಸಿ ಬೇಟೆಗಾರ ತನ್ನ ನೆರೆಯ ರೈತನಿಗೆ ಮಾಡುವ ದೊಡ್ಡ ಅಪಕಾರವೇ ಇದು. ನಿಜವಾಗಿ ಕುರಿ ಹಿಡಿಯುವ ಕಯೋಟಿಯನ್ನು ಆಮೇಲೆ ಯಾರೂ ಕರೆಯಲಾರದಂತಾಗುತ್ತದೆ.

ಕೋವಿಯ ಎಚ್ಚರಿಕೆ

ಬಯಲಿನಲ್ಲಿ ಬಳಸುವುದು ಸಣ್ಣ ಗುಂಡಿನ, ಬಹಳ ವೇಗದ ರೈಫಲ್. ದಟ್ಟ ಪೊದೆಯಲ್ಲಿ ಚರೆ ಕೋವಿ. ರೈಫಲ್ಲಿನ ಗುಂಡು ಮೈಲಿಗಟ್ಟಲೆ ಹೋಗಬಲ್ಲದು. ಆದ್ದರಿಂದ ಗುರಿಯ ಹಿಂದೆ ಮಣ್ಣಿನ ದಿಣ್ಣೆ ಇಲ್ಲದಿದ್ದರೆ ಕುದುರೆ ಎಳೆಯಲೇಬಾರದು ಎಂಬುದು ಅಲ್ಲಿನ ಮೊದಲ ನಿಯಮ. ಎರಡನೆಯದು, ಏನೆಂದು ಖಾತ್ರಿಯಾಗುವವರೆಗೆ ಗುರಿಯನ್ನೇ ಹಿಡಿಯಬಾರದು. ಮೊಲದ ಕೂಗಿಗೆ ಕಯೋಟಿ ಮಾತ್ರ ಬರುವುದಿಲ್ಲ. ಕಾಡುಬೆಕ್ಕು, ಗೂಬೆ, ಗಿಡುಗ, ನೆರೆಮನೆಯ ನಾಯಿ ಬರುತ್ತವೆ, ಕೆಲವೆಡೆ ಕರಡಿ, ಪೂಮಾ ಬಂದದ್ದೂ ಉಂಟು. ಅದೇ ಕೂಗು ಕೇಳಿ ಇನ್ನೊಬ್ಬ ಬೇಟೆಗಾರನೂ ನುಸುಳಿ ಬರಬಹುದು.

ಹುಚ್ಚುರೋಗದ ಭಯ ಬೇರೆ. 1988ರಿಂದ ದಕ್ಷಿಣ ಟೆಕ್ಸಾಸಿನ ಕಯೋಟಿಗಳಲ್ಲಿ ನಾಯಿಯ ಹುಚ್ಚುರೋಗ ಹರಡಿತು. ಅದನ್ನು ತಡೆದದ್ದು ಕೋವಿಯಲ್ಲ, ಲಸಿಕೆ. 1995ರಿಂದ ಲಸಿಕೆ ತುಂಬಿದ ತಿನಿಸನ್ನು ವಿಮಾನದಿಂದ ಎಸೆದು ಕಯೋಟಿಗಳಿಗೆ ತಿನ್ನಿಸಿದರು. ರೋಗ ಅಲ್ಲಿಗೆ ನಿಂತಿತು.

ಕೊಂದರೆ ಕಡಿಮೆಯಾಗುತ್ತವೆಯೇ?

ನಮ್ಮ ಪ್ರಶ್ನೆಯ ತಿರುಳು ಇದು. ಅಮೆರಿಕದ ಕೇಂದ್ರ ಸರ್ಕಾರ 1915ರಿಂದಲೇ ಈ ಕೆಲಸಕ್ಕೆ ಹಣ ಕೊಡುತ್ತ ಬಂದಿದೆ. 1931ರಲ್ಲಿ ಅದಕ್ಕಾಗಿ ಕಾಯಿದೆಯನ್ನೇ ಮಾಡಿತು. ಸ್ಟ್ರಿಕ್ನಿನ್ ಹಾಕಿದ ಮಾಂಸ, '1080' ಎಂಬ ಘೋರ ವಿಷ, ಬೋನು, ವಿಮಾನದಿಂದ ಗುಂಡು ಎಲ್ಲವೂ ನಡೆದವು. ವಿಷ ತಿಂದು ಸತ್ತ ಕಯೋಟಿಯ ಜೊತೆಗೆ ಹದ್ದು, ಸಾಕುನಾಯಿಗಳೂ ಸತ್ತವು. ಕೊನೆಗೆ 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಭೂಮಿಯಲ್ಲಿ ಈ ವಿಷಗಳನ್ನು ನಿಷೇಧಿಸಿದರು. ಇಷ್ಟಾದರೂ ಕಯೋಟಿ ಕಡಿಮೆಯಾಗಲಿಲ್ಲ.

ಕಾರಣವನ್ನು ವಿಜ್ಞಾನಿಗಳು ಹುಡುಕಿದ್ದಾರೆ. ಸಂಖ್ಯೆ ಕಡಿಮೆಯಾದಾಗ ಉಳಿದವಕ್ಕೆ ಆಹಾರ ಹೆಚ್ಚು ಸಿಗುತ್ತದೆ. ಹೆಚ್ಚು ಹೆಣ್ಣುಗಳು ಮರಿ ಹಾಕುತ್ತವೆ, ಹೆಚ್ಚು ಮರಿ ಬದುಕುತ್ತವೆ. ಖಾಲಿಯಾದ ಸರಹದ್ದಿಗೆ ಅಲೆಮಾರಿ ಕಯೋಟಿ ಬಂದು ಸೇರುತ್ತದೆ. ಕಾನಲಿ ಮತ್ತು ಲಾಂಗ್‌ಹರ್ಸ್ಟ್ ಎಂಬ ವಿಜ್ಞಾನಿಗಳು 1975ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಪ್ರತಿ ವರ್ಷವೂ ಇರುವುದರಲ್ಲಿ ನೂರಕ್ಕೆ 75ನ್ನು ಕೊಂದರೂ ಸಂತತಿ ಅಳಿಯಲು ಸುಮಾರು 50 ವರ್ಷ ಬೇಕು! ಭಾನುವಾರ ಪೀಪಿ ಊದುವವನಿಂದ ಇದು ಆಗುವ ಕೆಲಸವೇ?

ಹಾಗೆಂದು ಕೊಲ್ಲುವುದರಿಂದ ಏನೂ ಉಪಯೋಗವಿಲ್ಲ ಎಂದರೂ ತಪ್ಪಾಗುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹಾಪ್‌ಲ್ಯಾಂಡ್ ಕೇಂದ್ರದ ಕುರಿಗಾವಲಿನಲ್ಲಿ 1990ರ ದಶಕದಲ್ಲಿ ಕಯೋಟಿಗಳಿಗೆ ರೇಡಿಯೋ ಪಟ್ಟಿ ಕಟ್ಟಿ ಗಮನಿಸಿದರು. ಕುರಿ ಕೊಲ್ಲುತ್ತಿದ್ದವು ಬಹುಪಾಲು ಅದೇ ಸರಹದ್ದಿನ ಮರಿ ಸಾಕುವ ಜೋಡಿಗಳು. ಆ ಜೋಡಿಯನ್ನೇ ತೆಗೆದಾಗ ಸಾವು ನಿಂತಿತು, ಆದರೆ ಹೊಸ ಜೋಡಿ ಬಂದು ನೆಲೆಸುವವರೆಗೆ ಮಾತ್ರ. ಕುರಿಗೆ ಬಾಯಿ ಹಾಕದ ಜೋಡಿಯನ್ನು ಕೊಂದರೆ ಏನಾಗುತ್ತದೆ? ಅದು ಕಾಯುತ್ತಿದ್ದ ಜಾಗಕ್ಕೆ ಕುರಿ ಹಿಡಿಯುವ ಇನ್ನೊಂದು ಬರಬಹುದು. ಒಳ್ಳೆಯ ಕಾವಲುಗಾರನನ್ನು ಕೆಲಸದಿಂದ ಬಿಡಿಸಿ ಕಳ್ಳನಿಗೆ ಬಾಗಿಲು ತೆರೆದಂತೆ.

ಈ ವಿಷಯದಲ್ಲಿ ಅಲ್ಲಿನ ಜನ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಯೂಟಾ ರಾಜ್ಯ 2012ರಲ್ಲಿ ಜಿಂಕೆ ರಕ್ಷಣೆಗೆಂದು ಕಯೋಟಿ ಒಂದಕ್ಕೆ 50 ಡಾಲರ್ ಇನಾಮು ಗೊತ್ತುಮಾಡಿತು. ಕ್ಯಾಲಿಫೋರ್ನಿಯ 2014ರಲ್ಲಿ ಬಹುಮಾನದ ಬೇಟೆ ಸ್ಪರ್ಧೆಗಳನ್ನೇ ನಿಲ್ಲಿಸಿತು.

ಕಾವಲೇ ಮೇಲು

1970ರ ದಶಕದ ನಡುವಿನಿಂದ ಅಮೆರಿಕದ ಕುರಿ ಸಾಕಣೆದಾರರು ಯುರೋಪಿನ ಹಳೆಯ ಪದ್ಧತಿಯೊಂದನ್ನು ತಂದುಕೊಂಡರು. ಗ್ರೇಟ್ ಪಿರನೀಸ್, ಅಕ್‌ಬಾಷ್, ಕೊಮೊಂಡೋರ್ ಮೊದಲಾದ ದೊಡ್ಡ ತಳಿಯ ನಾಯಿಮರಿಗಳನ್ನು ಎಳವೆಯಿಂದಲೇ ಕುರಿಗಳ ನಡುವೆ ಬೆಳೆಸುವುದು ಈ ಪದ್ಧತಿ. ಅವು ಕುರಿಯನ್ನೇ ತಮ್ಮ ಬಳಗವೆಂದು ತಿಳಿದು ಕಾಯುತ್ತವೆ. ಮ್ಯಾಸಚೂಸೆಟ್ಸಿನ ಹ್ಯಾಂಪ್‌ಷೈರ್ ಕಾಲೇಜಿನ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ ಇಂಥ ನಾಯಿಗಳನ್ನು ಸಾವಿರಾರು ಮೈಲಿ ದೂರದ ರೈತರಿಗೂ ಕೊಟ್ಟು ಪರೀಕ್ಷಿಸಿದರು. ಲಾಮಾ ಎಂಬ ಒಂಟೆಕುಲದ ಪ್ರಾಣಿಯನ್ನೂ ಕಾವಲಿಗೆ ಬಿಡುತ್ತಾರೆ.

ಇದರ ಜೊತೆಗೆ ರಾತ್ರಿ ಕುರಿಗಳನ್ನು ದೊಡ್ಡಿಗೆ ಕೂಡುವುದು, ಮರಿ ಹಾಕುವ ಕಾಲದಲ್ಲಿ ಮನೆಯ ಹತ್ತಿರ ಕಟ್ಟುವುದು, ವಿದ್ಯುತ್ ಬೇಲಿ, ಸತ್ತ ಪ್ರಾಣಿಯನ್ನು ಆಳವಾಗಿ ಹೂಳುವುದು. ಕೊನೆಯದು ಸಣ್ಣ ಕೆಲಸವೆನಿಸಿದರೂ ಮುಖ್ಯ. ಬಯಲಿಗೆಸೆದ ಕುರಿಯ ಹೆಣವೇ ಕಯೋಟಿಗೆ ಕುರಿಮಾಂಸದ ಮೊದಲ ರುಚಿ ತೋರಿಸುವುದು.

ಇನ್ನು ನಮ್ಮ ತೋಟದ ಮಾತು

ನಮ್ಮ ನರಿ 8ರಿಂದ 11 ಕಿಲೋ ತೂಗುವ ಬೇರೆಯೇ ಜಾತಿ. ಕಾಫಿಗೂ ಅದಕ್ಕೂ ಹಳೆಯ ಸಂಬಂಧ. ವಯನಾಡಿನ ತೋಟಗಳಲ್ಲಿ ನರಿಗಳು ಹಣ್ಣು ಕಾಫಿ ತಿನ್ನುತ್ತವೆ, ಹಿಕ್ಕೆಯಲ್ಲಿ ಸಿಗುವ ಬೀಜವನ್ನು ಆಳುಗಳು ಆರಿಸಿ ಒಣಗಿಸುತ್ತಾರೆ, ಅದೇ ಉತ್ತಮ ಕಾಫಿ ಎನ್ನುವವರಿದ್ದಾರೆ ಎಂದು ಜೆರ್ಡನ್ ಎಂಬ ಪ್ರಾಣಿಶಾಸ್ತ್ರಜ್ಞ 19ನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಇಂದು ಪುನುಗಿನ ಬೆಕ್ಕಿನ ಕಾಫಿಗೆ ಬಂದ ಹೆಸರು ಅಂದು ನರಿಗೂ ಇತ್ತು! ಅಡಕೆ ತೋಟದ ಕೋಕೋ ಕಾಯಿ ಕೊರೆಯುವ ಇಲಿಯನ್ನು ಸಂಬಳವಿಲ್ಲದೆ ಹಿಡಿಯುವುದೂ ಇದೇ ನರಿ.

ಕಾನೂನಿನ ವಿಷಯ ಸ್ಪಷ್ಟವಾಗಿದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಕಯೋಟಿಯನ್ನು ವರ್ಷವಿಡೀ ಹೊಡೆಯಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನರಿ ಬೇಟೆಯನ್ನು ನಿಷೇಧಿಸಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ನರಿ ಈಗ ಮೊದಲನೆಯ ಅನುಸೂಚಿಯಲ್ಲಿದೆ. ಹುಲಿ, ಆನೆ ಇರುವ ಪಟ್ಟಿಯೇ ಅದು. ಶಿಕ್ಷೆ 3ರಿಂದ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕಾಯಿದೆಯ ಪ್ರಕಾರ 'ಬೇಟೆ' ಎಂದರೆ ಗುಂಡು ಹೊಡೆಯುವುದೊಂದೇ ಅಲ್ಲ. ಉರುಳು ಒಡ್ಡುವುದು, ಬೋನಿಡುವುದು, ಸೋವುವುದು, ಆಮಿಷ ಒಡ್ಡುವುದು, ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ. ಮೊಬೈಲಿನಿಂದ ಮೊಲದ ಕೂಗು ಹಾಕಿ ಕೋವಿ ಹಿಡಿದು ಕೂತವನು 'ನಾನು ಇನ್ನೂ ಹೊಡೆದೇ ಇಲ್ಲ' ಎಂದರೆ ತಪ್ಪಿಸಿಕೊಳ್ಳಲಾರ.

ಕೊಡಗಿನ ಸದಸ್ಯರಿಗೆ ಒಂದು ವಿಶೇಷ ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷ ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳುವ ಹಕ್ಕು, ಬೇಟೆಯ ಹಕ್ಕಲ್ಲ. ತಲೆತಲಾಂತರದಿಂದ ಪೂಜಿಸಿಕೊಂಡು ಬಂದ ಕೋವಿಯನ್ನು ಒಂದು ಕೋಳಿಯ ಸಿಟ್ಟಿಗೆ ಕಳೆದುಕೊಳ್ಳಬೇಡಿ.

ಇನ್ನೊಂದು ಅಪಾಯವನ್ನೂ ಯೋಚಿಸಿ. ಅಲ್ಲಿ ಮೊಲದ ಕೂಗಿಗೆ ಪೂಮಾ ಬಂದರೆ, ನಮ್ಮ ಹಳುವಿನಲ್ಲಿ ಚಿರತೆ ಬರಲಾರದೇ? ಕಾಫಿ ಗಿಡಗಳ ನಡುವೆ ಹತ್ತು ಮಾರು ಆಚೆಗೆ ಏನಿದೆಯೆಂದು ಕಾಣುವುದಿಲ್ಲ. ಪಕ್ಕದ ಸಾಲಿನಲ್ಲಿ ಕೆಲಸದ ಹೆಣ್ಣಾಳು ಸೌದೆ ಆರಿಸುತ್ತಿರಬಹುದು.

ಹಾಗಾದರೆ ಮಾಡುವುದೇನು? ಕೋಳಿಗೂಡಿಗೆ ಗಟ್ಟಿ ಜಾಲರಿ ಹಾಕಿ, ಅದರ ಬುಡವನ್ನು ಒಂದಡಿ ನೆಲದೊಳಕ್ಕೆ ಹೂಳಿ. ಸಂಜೆ ಕತ್ತಲಾಗುವ ಮೊದಲೇ ಬಾಗಿಲು ಹಾಕಿ. ಮೇಕೆಮರಿಗಳನ್ನು ಕೊಟ್ಟಿಗೆಯೊಳಗೆ ಕಟ್ಟಿ. ಸತ್ತ ಕರು, ಕೋಳಿ ತ್ಯಾಜ್ಯವನ್ನು ತೋಟದ ಮೂಲೆಗೆ ಎಸೆಯದೆ ಆಳವಾಗಿ ಹೂಳಿ. ಸಾಕಿದ ನಾಯಿಗೆ ಪ್ರತಿ ವರ್ಷ ಹುಚ್ಚುರೋಗದ ಲಸಿಕೆ ಹಾಕಿಸಿ. ಮಾಂಸಕ್ಕೆ ಕೀಟನಾಶಕ ಬೆರೆಸಿ ಇಡುವ, ಬೇಲಿಗೆ ಉರುಳು ಕಟ್ಟುವ ಕೆಲಸ ಬೇಡವೇ ಬೇಡ. ಹಂದಿಗೋ ನರಿಗೋ ಇಟ್ಟ ಉರುಳಿಗೆ ಚಿರತೆ ಬಿದ್ದರೆ ತೋಟದ ಯಜಮಾನನೇ ಉತ್ತರ ಹೇಳಬೇಕಾಗುತ್ತದೆ. ಹಗಲಲ್ಲೇ ತೂರಾಡುತ್ತ ಅಂಜಿಕೆಯಿಲ್ಲದೆ ಮೇಲೆ ಬೀಳುವ ನರಿ ಕಂಡರೆ ಹುಚ್ಚುರೋಗದ ಸಂಶಯವಿರಲಿ. ತಕ್ಷಣ ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದ್ದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ನೂರು ವರ್ಷ ಕಯೋಟಿಯ ಬೆನ್ನು ಹತ್ತಿದ ಅಮೆರಿಕದ ರೈತ ಕೊನೆಗೆ ದೊಡ್ಡಿಯ ಬಾಗಿಲಿಗೆ, ಕಾವಲು ನಾಯಿಗೆ ಹಿಂತಿರುಗಿದ್ದಾನೆ. ಅವನು ಅಷ್ಟು ಖರ್ಚು ಮಾಡಿ ಕಲಿತ ಪಾಠ ನಮಗೆ ಪುಕ್ಕಟೆಯಾಗಿ ಸಿಕ್ಕಿದೆ. ಇಂದು ಸಂಜೆಯೇ ಹೋಗಿ ಕೋಳಿಗೂಡಿನ ಚಿಲಕ ಸರಿಯಿದೆಯೇ ನೋಡಿ.